ಬಿಷಪ್ಪರ ಕಾರು ಕಚ್ಚಿದ ಕುದುರೆ

ಗಾರೆ ಕೆಲಸದ ಲೋರ್ಕನ್ ಹಾರೆಯ ತುದಿಯನ್ನು ಚಪ್ಪಡಿಯ ಸಂದಿಗೆ ತೂರಿಸುವುದಕ್ಕೂ, ನೋನಿ ಮುದುಕಿ ಬಾತುಕೋಳಿ ಮೊಟ್ಟೆಯ ಬುಟ್ಟಿ ಹಿಡಿದು ಒಳಗೆ ಕಾಲಿಡುವುದಕ್ಕೂ ಸರಿಹೋಯಿತು.

"ಏನ್ರೋ, ನೆಲ ಅಗೀತಿದೀರಿ? ಎಲ್ಲಾ ನಮ್ಮೂರಲ್ಲೇ ಬೆಳೆದಿದ್ದು ಅಂತ ಬೋರ್ಡು ಹಾಕಿದ್ದು ಸಾಲದು ಅಂತ, ಆಲೂಗಡ್ಡೆನೂ ಮೇಜಿನ ಕೆಳಗೇ ಬೆಳೀತೀಯೇನೋ ಫಿಯಾಕ್ರ?"

ಫಿಯಾಕ್ರ ನಗಲಿಲ್ಲ. ಕುದುರೆಗಾಡಿಗಳ ಕಾಲದ ಆ ಹಳೆಯ ಛತ್ರವನ್ನು ಅವನು ಹೋಟೆಲು ಮಾಡಿ ವರ್ಷವಾಗಿತ್ತು. ಅಡುಗೆಯವನೂ ಅವನೇ, ಮಾಲೀಕನೂ ಅವನೇ. ಅವನ ಕಡಲಪಾಚಿ ಪಾಯಸ ತಿನ್ನಲು ಡಬ್ಲಿನ್ನಿನಿಂದ ಜನ ಬರುತ್ತಿದ್ದರು. ಬೆಂಕಿಗೂಡಿನ ಮುಂದಿನ ಈ ಒಂದು ಚಪ್ಪಡಿ ಮಾತ್ರ ಅವನ ಮಾನ ಕಳೆಯುತ್ತಿತ್ತು. ಬಡಿಸುವ ಹುಡುಗಿ ಅದರ ಮೇಲೆ ಕಾಲಿಟ್ಟರೆ ಸಾಕು, ಢಂ ಅನ್ನುತ್ತಿತ್ತು. ಊಟಕ್ಕೆ ಕೂತವರು ಗುಡುಗೇ ಒಳಗೆ ಬಂತೇನೋ ಎಂಬಂತೆ ಚಮಚ ಕೆಳಗಿಡುತ್ತಿದ್ದರು.

"ಅಡಿಯಲ್ಲಿ ಟೊಳ್ಳಿದೆ ಅಜ್ಜಿ. ಏನಿದೆ ನೋಡ್ಬಿಟ್ಟು ಕಾಂಕ್ರೀಟ್ ತುಂಬಿಸ್ತೀನಿ."

ನೋನಿ ಬುಟ್ಟಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. "ನನ್ನ ಗಂಡ ಥೇಡಿ ಹೇಳ್ತಿದ್ದ ಕಣೋ, ಅವರಪ್ಪನ ಕುದುರೆ ಸ್ಯಾಲಿ ಸತ್ತಾಗ ಅದರ ತಲೆಬುರುಡೆ ಇದರಡಿ ಇಟ್ರಂತೆ. ಮೇಲೆ ಕುಣಿದ್ರೆ ಹೆಜ್ಜೆ ಮೊಳಗಲಿ ಅಂತ."

"ಹಳಬರು ಹಾಗೆ ಇಡ್ತಿದ್ರು ಅಂತ ನಾನೂ ಕೇಳಿದೀನಿ," ಎಂದ ಲೋರ್ಕನ್.

"ಹಳಬರು ಇಡ್ತಿದ್ರು, ಸರಿ. ನನ್ನ ಗಂಡನ ಮಾತು ನಂಬೋದು ಹ್ಯಾಗೆ? ಆ ಕುದುರೆ ಬಿಷಪ್ಪರ ಕಾರಿನ ಬಾಗಿಲು ಕಚ್ಚಿ, ಮೇಲಿನ ಹಲ್ಲು ಅರ್ಧ ಮುರ್ಕೊಂಡಿತ್ತಂತೆ! ಅಂಥಾ ಸುಳ್ಳುಬುರುಕ. ಇದೇ ಕಲ್ಲಿನ ಮೇಲೆ ನನ್ನ ಜೊತೆ ಮೊದಲ್ನೇ ಸಲ ಕುಣಿದಾಗ್ಲೇ, ಏಳೂರಲ್ಲಿ ನಿನ್ನಂಥ ಚೆಲುವೆ ಇಲ್ಲ ಅಂದ. ಅವತ್ತೇ ಗೊತ್ತಾಯ್ತು ನಂಗೆ, ಈ ಮನುಷ್ಯನ ಬಾಯಿಗೆ ಬಾಗಿಲಿಲ್ಲ ಅಂತ. ಸಾಯೋವರೆಗೂ ಒಂದು ಮಾತು ನಂಬ್ಲಿಲ್ಲ."

"ಇಬ್ರೂ ಒಂದೇ ಅಚ್ಚು ಬಿಡಿ," ಎಂದ ಫಿಯಾಕ್ರ. "ನಿಮ್ಮ ಬಾತುಕೋಳಿ ದಿನಕ್ಕೆ ಮೂರು ಮೊಟ್ಟೆ ಇಡುತ್ತೆ ಅಂದಿರಲ್ಲ ಮೊನ್ನೆ?"

"ನಾಲ್ಕು. ನಿಂಗೆ ಹೊಟ್ಟೆ ಉರಿಯೋದು ಬೇಡ ಅಂತ ಒಂದು ಕಮ್ಮಿ ಹೇಳ್ದೆ. ಮಾತು ಸಾಕು, ಎತ್ರೋ. ಅವನು ಹೇಳಿದ್ದು ಸುಳ್ಳೋ ನಿಜವೋ ನೋಡದೆ ನಾನು ಇಲ್ಲಿಂದ ಕದಲೋಳಲ್ಲ."

ಬಾಯಿ ಜೋರಾಗಿತ್ತು, ಕೈ ಮಾತ್ರ ಮೇಲಂಗಿಯ ತುದಿಯನ್ನು ಹಿಂಡುತ್ತಿತ್ತು. ಸುಳ್ಳಾಗಿದ್ದರೆ ಇಷ್ಟು ವರ್ಷ ಅವನನ್ನು ಬೈದದ್ದು ಸರಿಯೇ. ನಿಜವಾಗಿದ್ದರೆ? ಯಾವುದು ಬೇಕೆಂದು ಅವಳಿಗೇ ತಿಳಿಯಲಿಲ್ಲ.

ಲೋರ್ಕನ್ ಹಾರೆಯ ಮೇಲೆ ಮೈಭಾರ ಹಾಕಿದ. ಫಿಯಾಕ್ರ ಅಂಚಿಗೆ ಕೈಕೊಟ್ಟ. ಕಲ್ಲು ನರಳುತ್ತಾ ಎದ್ದು ಗೋಡೆಗೆ ಒರಗಿತು. ಅಡಿಯಲ್ಲಿ ಒಣಮರಳು. ಮರಳಿನ ಮೇಲೆ, ಬೆಂಕಿಗೂಡಿನ ಕಡೆಗೆ ಮೂತಿ ಮಾಡಿದ ಉದ್ದನೆಯ ಬಿಳಿ ತಲೆಬುರುಡೆ.

ಇಗರ್ಜಿಯಲ್ಲಿ ದೇವರ ಮುಂದೆಯೂ ಬಾಗದ ಮಂಡಿಗಳನ್ನು ನೋನಿ ಆ ಹೊಂಡದ ಮುಂದೆ ಊರಿದಳು. ಹೆಬ್ಬೆರಳಿನಿಂದ ಮರಳು ಒರೆಸಿದಳು. ಮೇಲಿನ ಸಾಲು. ಮುಂದಿನ ಹಲ್ಲು. ಅರ್ಧಕ್ಕೆ ಓರೆಯಾಗಿ ಮುರಿದು, ಮುರಿದ ಕಡೆ ತಿಂದು ತಿಂದು ಸವೆದಿತ್ತು.

"ಸ್ಯಾಲಿ," ಎಂದಳು, ಪಕ್ಕದ ಮನೆಯವಳನ್ನು ಕರೆದ ಹಾಗೆ.

ಲೋರ್ಕನ್ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡ. ಫಿಯಾಕ್ರ ಕಾಂಕ್ರೀಟಿನ ಚೀಲವನ್ನೂ ಮುದುಕಿಯ ಬೆನ್ನನ್ನೂ ನೋಡಿ, ಲೋರ್ಕನ್ ಕಡೆ ತಿರುಗಿದ.

"ಮುಚ್ಚು ಮಾರಾಯ, ಹೇಗಿತ್ತೋ ಹಾಗೇ."

"ಮತ್ತೆ ಸದ್ದು?"

"ಸದ್ದು ಇರ್ಲಿ. ಯಾರಾದ್ರೂ ಕೇಳಿದ್ರೆ, ಇದೂ ನಮ್ಮೂರಲ್ಲೇ ಬೆಳೆದಿದ್ದು ಅಂತೀನಿ." ಆಮೇಲೆ ನೋನಿಯ ಕೈ ಹಿಡಿದು ಎಬ್ಬಿಸುತ್ತಾ ಕೆಣಕಿದ, "ಪಾಪ ಥೇಡಿ ಅಜ್ಜ! ಬಿಷಪ್ಪರ ಕಾರೇ ನಿಜ ಆಗೋಯ್ತಲ್ಲ ಅಜ್ಜಿ."

ನೋನಿ ಗೋಡೆಯಲ್ಲಿ ತೂಗಿದ್ದ ತಾಮ್ರದ ಬಾಣಲೆಯನ್ನು ಇಳಿಸಿ, ಅದರ ತಳಕ್ಕೆ ಬಾಯಿಂದ ಆವಿ ಊದಿ, ಮೇಲಂಗಿಯ ತೋಳಿನಿಂದ ಉಜ್ಜಿ, ಕಿಟಕಿಯ ಬೆಳಕಿಗೆ ಹಿಡಿದಳು. ತಲೆವಸ್ತ್ರದಿಂದ ಜಾರಿದ ಬಿಳಿ ಕೂದಲನ್ನು ಒಳಗೆ ಸೇರಿಸಿದಳು. ಮುಖವನ್ನು ಎಡಕ್ಕೆ ತಿರುಗಿಸಿ ನೋಡಿಕೊಂಡಳು, ಆಮೇಲೆ ಬಲಕ್ಕೆ.

"ಏಳೂರು ಅಂದಿದ್ದ," ಎಂದಳು ಮೆಲ್ಲಗೆ.