ಡ್ರ್ಯಾಗನ್ನಿನ ತಪಾಸಣೆ

"ಹಲ್ಲು ತೆಗೀಬೇಕು ಸಾಹೇಬ್ರೇ," ಎಂದ ಅಶ್ವಥ್.

ಸಮೀವುಲ್ಲಾ ಗಾಬರಿಯಿಂದ ತಮ್ಮ ದವಡೆಯನ್ನೇ ಮುಟ್ಟಿ ನೋಡಿಕೊಂಡರು. ಆಮೇಲೆ ತಿಳಿಯಿತು, ಮಾತು ಡ್ರ್ಯಾಗನ್ನಿನ ಹಲ್ಲಿನದು. ತಿಳಿದ ಮೇಲೆ ಸಂಕಟ ಇನ್ನೂ ಹೆಚ್ಚಾಯಿತು. ತಮ್ಮ ಹಲ್ಲು ಹೋದರೆ ಕಟ್ಟಿಸಿಕೊಳ್ಳಬಹುದಿತ್ತು.

ಚನ್ನಪಟ್ಟಣದಲ್ಲಿ ನಲವತ್ತು ವರ್ಷದಿಂದ ಲೇತ್ ಮುಂದೆ ಕೂತ ಮನುಷ್ಯ. ತಿರುಗುವ ಮರಕ್ಕೆ ಉಳಿ ಹಿಡಿದು, ಅರಗಿನ ಬಣ್ಣ ಕೊಟ್ಟು ಮಾಡಿದ್ದೆಲ್ಲ ಬುಗುರಿ, ಗಿಲಕಿ, ಮೂರು ಗಾಲಿಯ ನಡೆಗಾಡಿ. ಎಲ್ಲವೂ ಗುಂಡಗೆ, ನುಣ್ಣಗೆ. ನೋಡಿದವರೆಲ್ಲ "ಅಯ್ಯೋ ಎಷ್ಟು ಮುದ್ದಾಗಿದೆ!" ಅನ್ನುವವರೇ. ಅದನ್ನು ಕೇಳಿ ಕೇಳಿ ಅವರಿಗೆ ರೋಸಿಹೋಗಿತ್ತು. ತಮ್ಮ ಕೈಯ ಗೊಂಬೆಯೊಂದು ಒಂದೇ ಒಂದು ಸಲ, ಯಾರಾದರೂ ಒಬ್ಬರನ್ನು ಕಿಟಾರನೆ ಕಿರುಚಿಸಬೇಕು. ಅವರಿಗಿದ್ದದ್ದು ಇಷ್ಟೇ ಆಸೆ. ಹಾಗಾಗಿ ರಫ್ತು ಕಂಪನಿಯೊಂದು ಪುಟ್ಟ ಮಕ್ಕಳಿಗೆಂದು ದೇಶದೇಶದ ಕಟ್ಟುಕಥೆಯ ಪ್ರಾಣಿಗಳನ್ನು ಮಾಡಿಕೊಡಿ ಅಂದಾಗ ಕುಣಿದಾಡಿಬಿಟ್ಟಿದ್ದರು.

ಆ ಕಂಪನಿಯ ತಪಾಸಣೆಗಾರನೇ ಈ ಅಶ್ವಥ್, ತಿಪ್ಪಸಂದ್ರದವನು. ಕೆಟ್ಟವನೇನಲ್ಲ. ಆದರೆ ಕೈಯಲ್ಲಿ ಹದಿನೇಳು ಪುಟದ ನಿಯಮ, ಜೇಬಿನಲ್ಲಿ ಮಗುವಿನ ಗಂಟಲಿನಷ್ಟು ಅಗಲದ ಉಕ್ಕಿನ ಕೊಳವೆ. ಅದರೊಳಗೆ ಹಿಡಿಸುವ ಯಾವ ಬಿಡಿಭಾಗವೂ ಗೊಂಬೆಯ ಮೇಲೆ ಇರಕೂಡದು, ಚೂಪಾದದ್ದಂತೂ ಇರಲೇಕೂಡದು. ಬೆಳಗಿನಿಂದ ಅವನು ಮಾಡಿದ ಅನಾಹುತ ಒಂದೆರಡಲ್ಲ. ಒಂಟಿಕೊಂಬಿನ ಕುದುರೆ ಕೊಂಬು ಕಳೆದುಕೊಂಡು ಬರೀ ಕುದುರೆಯಾಗಿತ್ತು. ಬೂದಿಯಿಂದ ಎದ್ದು ಬರುವ ಹಕ್ಕಿ ಹೋಗಿ ಮೊಟ್ಟೆಯಾಗಿತ್ತು. ನಮ್ಮದೇ ಗಂಡಭೇರುಂಡದ ಎರಡು ತಲೆಗಳು ಕೊಕ್ಕು ಕಳೆದುಕೊಂಡು, ಹೋಟೆಲ್ ಮೇಜಿನ ಉಪ್ಪು ಮೆಣಸಿನ ಡಬ್ಬಿಗಳ ಹಾಗೆ ಪಕ್ಕಪಕ್ಕ ನಿಂತಿದ್ದವು. ಉಳಿದದ್ದು ಡ್ರ್ಯಾಗನ್ ಒಂದೇ.

"ಹಲ್ಲು ಬುಟ್ರೆ ಅದು ಹಲ್ಲಿ ಆಯ್ತದೆ ಸಾರ್. ಒಸಿ ನೋಡಿ, ಹೆಂಗೆ ಗುರ್ ಅಂತೈತೆ!" ಎಂದರು ಸಮೀವುಲ್ಲಾ.

ಹಾಗೆ ನೋಡಿದರೆ ಅದನ್ನು ಕಂಡು ಇನ್ನೂ ಯಾರೂ ಹೆದರಿರಲಿಲ್ಲ. ಎರಡು ವರ್ಷದ ಮೊಮ್ಮಗಳು ಸಾನಾ ಅದರ ಬಾಯಿಗೆ ಬಿಸ್ಕೆಟ್ ತುರುಕಿ, ಮೂತಿಗೆ ಮುತ್ತು ಕೊಟ್ಟಿದ್ದಳು. "ಹೆದರ್ಕೋ ಬೇಟಾ, ಒಸಿ ಹೆದರ್ಕೋ," ಎಂದು ಅಜ್ಜ ಅಂಗಲಾಚಿದ್ದೇ ಬಂತು. ಅದಕ್ಕೇ ನಿನ್ನೆ ಇನ್ನೂ ನಾಲ್ಕು ಹಲ್ಲು ಸೇರಿಸಿದ್ದರು.

"ಹಲ್ಲು, ಉಗುರು, ಬೆನ್ನಿನ ಮುಳ್ಳು, ಎಲ್ಲಾ ಚುಚ್ಚುತ್ತೆ," ಅಶ್ವಥ್ ಪುಟ ತಿರುವಿದ. "ಬಾಲದ ತುದಿ ಬೇಡ. ರೆಕ್ಕೆ ಸಂದೀಲಿ ಮಗು ಬೆರಳು ಸಿಕ್ಕೊಳ್ಳುತ್ತೆ. ನಾಲಿಗೆ ದಾರ ಉದ್ದ ಆಯ್ತು. ಬಾಯಿ ಮುಚ್ಚಿಬಿಡಿ."

"ನಂದಾ, ಅದ್ರದಾ?"

ಅಶ್ವಥ್ ನಗು ತಡೆದುಕೊಂಡು ಕಣ್ಣಿನ ಮಣಿಗಳನ್ನು ಕಿತ್ತು ಕೊಳವೆಗೆ ಹಾಕಿದ. ಸಲೀಸಾಗಿ ಇಳಿದವು. "ಇವೂ ಹೋಗ್ಲಿ."

"ಕುಂಚದಲ್ಲಿ ಬರ್ದ್ ಬುಡ್ತೀನಿ ಸಾರ್, ಎರಡೇ ಚುಕ್ಕಿ."

"ಕಪ್ಪು ಬಣ್ಣಕ್ಕೆ ಬೇರೆ ಲ್ಯಾಬ್ ಪರೀಕ್ಷೆ. ಮೂರು ವಾರ ಆಗುತ್ತೆ. ಲಾರಿ ನಾಳೇನೇ."

ಸಮೀವುಲ್ಲಾ ಹೆಂಡತಿಯ ಮುಖ ನೋಡಿದರು. ಸಾನಾಳನ್ನು ಸೊಂಟದ ಮೇಲೆ ಕೂರಿಸಿಕೊಂಡಿದ್ದ ಜಹೀದಾ, "ಮಾಡಿಕೊಡಿ ಹೋಗ್ಲಿ. ಪಾಪ, ಅವ್ರಿಗೂ ಮೇಲೊಬ್ರು ಇರ್ತಾರೆ," ಅಂದರು. ಸಮೀವುಲ್ಲಾ ಡ್ರ್ಯಾಗನ್ನನ್ನು ಲೇತ್‌ಗೆ ಸಿಕ್ಕಿಸಿ ಉಳಿ ಹಿಡಿದರು. ಹಲ್ಲು ಹಾರಿತು, ಮುಳ್ಳು ಹಾರಿತು, ಮೂಗು ಹಾರಿತು. ಕಣ್ಣಂಚು ಒದ್ದೆಯಾಯಿತು. ಮರದ ಪುಡಿ ಬಿತ್ತು ಅಂದುಕೊಂಡು ತೋಳಿನಿಂದ ಒರೆಸಿಕೊಂಡರು. ಕೊನೆಗೆ ಹಸಿರು ಅರಗು ಹಚ್ಚಿ ಮೆರುಗು ಕೊಟ್ಟು ಕೈಗಿತ್ತರು: ದುಂಡನೆಯ ಒಂದು ಮೈ, ಅದರ ಮೇಲೆ ದುಂಡನೆಯ ಒಂದು ತಲೆ. ಬೇರೇನೂ ಇಲ್ಲ.

"ನೋಡಿ, ಈಗ ನೂರಕ್ಕೆ ನೂರು ಸುರಕ್ಷಿತ," ಅಶ್ವಥ್ ಸಮಾಧಾನದಿಂದ ಚೀಟಿ ಅಂಟಿಸಿದ. "ಮಗು ಜೊತೆ ಒಂದು ಫೋಟೋ ಬೇಕು, ಫೈಲಿಗೆ."

ಜಹೀದಾ ಸಾನಾಳನ್ನು ಚಾಪೆಯ ಮೇಲೆ ಕೂರಿಸಿದರು. ಅಶ್ವಥ್ ಗೊಂಬೆಯನ್ನು ಅವಳ ಮಡಿಲಲ್ಲಿಟ್ಟು ಮೊಬೈಲ್ ಎತ್ತಿ ಹಿಡಿದ. ಸಾನಾ ನಗುತ್ತಲೇ ಮುತ್ತು ಕೊಡಲು ಬಗ್ಗಿದಳು. ಮೂತಿ ಸಿಗಲಿಲ್ಲ. ತಿರುಗಿಸಿದಳು. ಅಲ್ಲೂ ಇರಲಿಲ್ಲ. ಮತ್ತೆ ತಿರುಗಿಸಿದಳು. ಕಣ್ಣು ಹುಡುಕಿದಳು, ಬಾಯಿ ಹುಡುಕಿದಳು. ಅವಳ ನಗು ನಿಂತಿತು. ಮರುಕ್ಷಣ ಪಕ್ಕದ ಮನೆಯವರೂ ಹೊರಗೆ ಓಡಿ ಬರುವಂತೆ ಕಿಟಾರನೆ ಕಿರುಚಿ, ಗೊಂಬೆಯನ್ನು ಎಸೆದು, ಅಜ್ಜಿಯ ಕುತ್ತಿಗೆಗೆ ಜೋತುಬಿದ್ದಳು.

"ಏನಾಯ್ತು? ಹೆದರೋಕೆ ಅದರಲ್ಲಿ ಏನಿದೆ?" ಅಶ್ವಥ್ ಕಂಗಾಲಾದ. "ಎಲ್ಲಾ ತೆಗೆಸಿದ್ದೀನಲ್ಲ!"

ಸಮೀವುಲ್ಲಾ ಅಳುವ ಮೊಮ್ಮಗಳನ್ನು ನೋಡಿದರು, ಚಾಪೆಯ ಮೇಲೆ ಉರುಳುತ್ತಿದ್ದ ಹಸಿರು ಗುಂಡನ್ನು ನೋಡಿದರು, ಅಶ್ವಥನನ್ನು ನೋಡಿದರು. ಲೇತ್ ಮುಂದಿನ ತಮ್ಮ ಮಣೆಯಿಂದ ಮೆಲ್ಲಗೆ ಎದ್ದು, ಹೆಗಲ ವಸ್ತ್ರದಿಂದ ಅದರ ಧೂಳು ಕೊಡವಿದರು.

"ಬನ್ನಿ ಸಾರ್, ನೀವು ಕೂತ್ಕಳಿ," ಎಂದು ಉಳಿಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದರು. "ಇವತ್ತಿಂದ ಉಸ್ತಾದ್ ನೀವೇ."