ಬಿಚ್ಚಿ ಜೋಡಿಸಿದ ಕೈ

ಯಾರದೇ ಬೈಕಾಗಲಿ, ಅದನ್ನು ಕೊನೆಯ ಸಲ ಯಾರು ರಿಪೇರಿ ಮಾಡಿದ್ದರೋ ಅವರ ಕೈಗೆ ಮಾತ್ರ ಸ್ಟಾರ್ಟ್ ಆಗುತ್ತಿತ್ತು. ನಾಗವೇಣಿ ತನ್ನ ಸಂಬಳದಲ್ಲಿ ಕೊಂಡ ಬೈಕಿನ ಪ್ಲಗ್ಗನ್ನು ಅಣ್ಣ ತಿಪ್ಪೇಶ ಬದಲಿಸಿದ್ದೇ ತಪ್ಪಾಯಿತು. ಎರಡು ವರ್ಷದಿಂದ ಅವಳು ಎಲ್ಲಿಗೆ ಹೋಗಬೇಕೆಂದರೂ ಅವನ ಬಿಡುವಿಗೆ ಕಾಯಬೇಕಿತ್ತು.

ಇವತ್ತು ಅವನು ಸ್ನಾನಕ್ಕೆ ಹೋದದ್ದೇ ತಡ, ಬೈಕನ್ನು ಎದುರಿನ ಗ್ಯಾರೇಜಿಗೆ ತಳ್ಳಿಕೊಂಡು ಬಂದಳು. ತಾನು ರಿಪೇರಿಗೆ ಕೈ ಹಾಕಿದರೆ ಬೈಕು ತನ್ನ ಕೈಗೇ ಒಗ್ಗಿಬಿಡುತ್ತದೆಂದು ಮೆಕ್ಯಾನಿಕ್ ಮಸ್ತಾನಣ್ಣ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಎಲ್ಲ ಮೆಕ್ಯಾನಿಕ್‌ಗಳಂತೆ ಬಾಯಲ್ಲೇ ಹೇಳಿಕೊಟ್ಟ.

“ಆ ಕಡೆ ಅಲ್ಲಮ್ಮ, ಎಡಕ್ಕೆ ತಿರುಗ್ಸು! ಸ್ಪ್ಯಾನರ್ ಹಿಡ್ಕೊಂಡಿದೀಯೋ, ಸೌಟು ಹಿಡ್ಕೊಂಡಿದೀಯೋ?”

ಸ್ಪ್ಯಾನರ್ ಜಾರಿ ಗೆಣ್ಣಿನ ಚರ್ಮ ಸುಲಿಯಿತು. ಅವಳು ಬಿಡಲಿಲ್ಲ. ಪ್ಲಗ್ ಬಿಚ್ಚಿ, ಮಸಿ ಉಜ್ಜಿ, ಮತ್ತೆ ಕೂರಿಸಿ ಬಿಗಿದಳು. ಕಿಕ್ಕರ್ ಒದ್ದಳು. ಸದ್ದಿಲ್ಲ. ಇನ್ನೊಮ್ಮೆ ಒದ್ದಾಗ ಬೈಕು ಗುಡುಗಿತು, ಅವಳು ಅದಕ್ಕಿಂತ ಜೋರಾಗಿ ಕಿರುಚಿದಳು.

ತಿಪ್ಪೇಶ ತಲೆಯ ಸೋಪಿನ ನೊರೆಯ ಸಮೇತ ಟವೆಲ್ಲಿನಲ್ಲೇ ಓಡಿಬಂದ.

“ಲೇ, ನನ್ನ ಕೇಳ್ದೆ ಎಲ್ಲಿಗೇ ಹೊರಟೆ?”

“ಇನ್ನೂ ಯೋಚ್ನೆ ಮಾಡಿಲ್ಲ ಕಣೋ!” ಎಂದು ನಾಗವೇಣಿ ಗೇರು ಹಾಕಿದಳು.