ಸಾಹೇಬನ ಬೆನ್ನು

“ಯಾರಾದ್ರೂ ಇದಕ್ಕೆ ಹೊಡೀತಿದ್ದಾರೇನಮ್ಮ?” ನಾಯಿಯ ಬೆನ್ನು ಒತ್ತಿ ನೋಡುತ್ತಿದ್ದ ಪಶುವೈದ್ಯರು ಕೇಳಿದರು.

ಟೈಲರಮ್ಮನ ಮಗಳು ನಾಯಿಯ ಸರಪಳಿಯನ್ನು ಕೈಗೆ ಸುತ್ತಿಕೊಂಡಳು. ಮನೆಯಲ್ಲಿರುವವರೇ ಇಬ್ಬರು, ಅವಳು ಮತ್ತು ಅವಳ ಅಮ್ಮ.

“ಪೆಟ್ಟಿನ ಗುರುತಿಲ್ಲ. ಆದ್ರೆ ಬೆನ್ನು ಕಲ್ಲಾಗಿದೆ. ಹೆಗಲ ಹತ್ತಿರ ಕೂದಲೂ ಸವೆದಿದೆ. ಹೇಗೆ ನಿಲ್ಲುತ್ತೆ ಅಂದೆ?”

ಅವಳು ಇನ್ನೊಮ್ಮೆ ಹೇಳಿದಳು. ಕರುವಿನಷ್ಟಿರುವ ಈ ಸಾಹೇಬ ಮೊದಲೆಲ್ಲ ಅಮ್ಮ ಕರೆದರೆ ಕುಣಿದುಕೊಂಡು ಹೋಗುತ್ತಿದ್ದ. ಈಗ ತಲೆ ತಗ್ಗಿಸಿ, ನಾಲ್ಕೂ ಕಾಲು ಅಗಲಿಸಿ, ಬೆನ್ನು ಬಿಗಿಹಿಡಿದು ನಿಲ್ಲುತ್ತಾನೆ. ಏಟಿಗೆ ಕಾದವರು ನಿಲ್ಲುವುದೂ ಹಾಗೆಯೇ.

ಮೆಟ್ಟಿಲಿಂದ ಬಿದ್ದು ಗಾಲಿಕುರ್ಚಿ ಹಿಡಿದ ಈ ಎರಡು ವರ್ಷಗಳಲ್ಲಿ ಅಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. ಮಧ್ಯಾಹ್ನವಾದರೆ ನಾಯಿಯನ್ನು ಕೋಣೆಗೆ ಕರೆದು ಬಾಗಿಲು ಹಾಕಿಕೊಳ್ಳುತ್ತಾಳೆ. ಒಳಗಿನಿಂದ ಧಡ್ ಎಂಬ ಸದ್ದು, ಬೈಗುಳ. ಮೊನ್ನೆ ಅಮ್ಮನ ಮೊಣಕೈಯೂ ತರಚಿತ್ತು. ನಾಯಿ ತಿರುಗಿಬಿದ್ದಿರಬೇಕು ಎಂದುಕೊಂಡಿದ್ದಳು ಮಗಳು. ಮೂಕಪ್ರಾಣಿಯ ಮೇಲೆ ಸಿಟ್ಟು ತೀರಿಸಿಕೊಳ್ಳುವುದೇ? ಅವಳಿಗೆ ನಾಚಿಕೆಯಾಯಿತು.

ಮನೆಗೆ ಬಂದವಳೇ ಕೇಳಿಬಿಟ್ಟಳು. “ಸಾಹೇಬನಿಗೆ ಏನು ಮಾಡ್ತಿದ್ದೀಯಮ್ಮ?”

“ಅವನು ನನ್ನ ನಾಯಿ. ಏನು ಬೇಕಾದ್ರೂ ಮಾಡ್ತೀನಿ.”

“ಹಾಗಾದ್ರೆ ನಾಳೆನೇ ಚಿಕ್ಕಮ್ಮನ ಮನೆಗೆ ಕಳಿಸ್ತೀನಿ.”

ಅಮ್ಮನ ಮುಖ ಬಿಳಿಚಿತು. ಆದರೂ ಗದ್ದ ಮೇಲೆದ್ದಿತು. “ಇನ್ನೊಂದು ವಾರ ಬೇಕು ನನಗೆ.”

“ಒಂದು ದಿನಾನೂ ಇಲ್ಲ.”

“ನೀನೂ ಆಸ್ಪತ್ರೆಯವರೂ ಸೇರಿ ನನ್ನ ವಿಷಯದಲ್ಲಿ ತೀರ್ಮಾನ ಮಾಡಿದ್ದು ಸಾಕು. ಅವನನ್ನ ಮುಟ್ಟಿ ನೋಡು!”

ಮರುದಿನ ಮಧ್ಯಾಹ್ನ ಚಿಕ್ಕಮ್ಮನ ಗಾಡಿ ಬಂದು ನಿಂತಿತು. ಮಗಳು ಸರಪಳಿ ಹಿಡಿದು ಕೋಣೆಯ ಕದ ಬಡಿದಳು. “ತೆಗಿಯಮ್ಮ! ಪಾಪ, ಅದನ್ನ ಬಿಟ್ಟುಬಿಡು.”

“ಬಂದೆ ಇರೇ. ನಿಂಗೆ ಎಲ್ಲದಕ್ಕೂ ಅವಸರ.”

ಸಾಹೇಬನ ಉಗುರುಗಳು ನೆಲಕ್ಕೆ ತಾಗುವ ಸದ್ದು ಹತ್ತಿರವಾಯಿತು. ಒಂದು ಹೆಜ್ಜೆ, ನಿಲುಗಡೆ. ಮತ್ತೊಂದು ಹೆಜ್ಜೆ, ನಿಲುಗಡೆ. ಗಾಲಿಕುರ್ಚಿ ಕಿರುಗುಟ್ಟುವ ಸದ್ದು ಮಾತ್ರ ಇಲ್ಲವೇ ಇಲ್ಲ. ಆಮೇಲೆ ಬಾಗಿಲ ನೆತ್ತಿಯ ಮೇಲಿದ್ದ ಚಿಲಕ ಸರಿಯಿತು.

ಕದ ತೆರೆಯಿತು. ಬೈಯಲೆಂದು ಗಾಲಿಕುರ್ಚಿಯ ಎತ್ತರಕ್ಕೆ ಕಣ್ಣು ಹಾಯಿಸಿದ ಮಗಳಿಗೆ ಕಂಡದ್ದು ಸಾಹೇಬನ ಬಿಗಿದ ಬೆನ್ನು, ಅದರ ಮೇಲೆ ಊರಿದ್ದ ಅಮ್ಮನ ಕೈ.

ಎರಡು ವರ್ಷಗಳಲ್ಲಿ ಮೊದಲ ಸಲ, ಅಮ್ಮನ ಮುಖ ನೋಡಲು ಅವಳು ತಲೆ ಎತ್ತಬೇಕಾಯಿತು.